ಹನ್ನೊಂದು ತಿಂಗಳ ಲೆಕ್ಕ

ಹೋದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಯಾರೋ ಮಿನಿಯೇಚರ್ ಕುದುರೆ, ಅಂದರೆ ಪುಟ್ಟ ತಳಿಯ ಕುದುರೆ, ಸಾಕುವವರು ಕೆಲಸ ನಿಲ್ಲಿಸುತ್ತಿದ್ದಾರಂತೆ. ಹತ್ತು ಹೆಣ್ಣು ಕುದುರೆ, ಒಂದು ಬೀಜದ ಕುದುರೆ, ಎಲ್ಲ ಒಟ್ಟಿಗೆ ಕೊಡುತ್ತಾರಂತೆ. ಬೆಲೆ ಎರಡು ವರ್ಷದ ಹಿಂದೆ ಇದ್ದದ್ದರ ಕಾಲು ಭಾಗ. "ಆಂಟಿ, ಈಗ ತಗೊಂಡುಬಿಟ್ರೆ, ಕಾಲ ಸುಧಾರಿಸೋ ಹೊತ್ತಿಗೆ ಮರಿಗಳು ಕೈಯಲ್ಲಿರುತ್ತೆ ಅಲ್ವಾ?" ಎಂದು ಕೇಳಿದಳು.

ಮನೆಗೆ ಬಾ, ಕೂತು ಮಾತಾಡೋಣ ಎಂದೆ. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಲೆಕ್ಕ ಹಾಕಿದವಳು. ಆ ಲೆಕ್ಕ ಎಲ್ಲಿ ತಪ್ಪಿತು ಎಂದು ಅವಳಿಗೆ ಸರಿಯಾಗಿ ಹೇಳಬೇಕು ಅನ್ನಿಸಿತು. ಅದಕ್ಕೇ ಹಳೆಯ ನೋಟ್‌ಬುಕ್‌ಗಳನ್ನು ಹರವಿಕೊಂಡು ಕೂತೆ.

2008ರ ವಸಂತದಲ್ಲಿ ನಾನು ಏಳು ಹೆಣ್ಣು ಕುದುರೆಗಳನ್ನು ಗಂಡಿಗೆ ಬಿಟ್ಟಿದ್ದೆ. ಹಗಲು ಉದ್ದವಾಗುತ್ತಾ ಬಂದ ಹಾಗೆ ಕುದುರೆಗಳು ಬೆದೆಗೆ ಬರುತ್ತವೆ. ಏಳೂ ಗಬ್ಬ ಕಟ್ಟಿದವು. ಹುಟ್ಟುವ ಮರಿಗಳಲ್ಲಿ ಮೂರಕ್ಕೆ ಆಗಲೇ ಮುಂಗಡ ಬಂದಿತ್ತು. ಆ ವರ್ಷ ನಾನು ಬೇಲಿ ಹೊಸದು ಹಾಕಿಸಿದೆ, ಲಾಯಕ್ಕೆ ಇನ್ನೆರಡು ಕೋಣೆ ಕಟ್ಟಿಸಿದೆ. ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಆ ಸುದ್ದಿ ಓದಿದಾಗ ಅದಕ್ಕೂ ನನ್ನ ಲಾಯಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಫೋನ್ ಬರುವುದು ನಿಂತಿತ್ತು. ಮುಂಗಡ ಕೊಟ್ಟಿದ್ದ ಮೂವರಲ್ಲಿ ಇಬ್ಬರು ವಾಪಸ್ ಕೇಳಿದರು. ಒಬ್ಬರ ಕೆಲಸ ಹೋಗಿತ್ತು. ಇಬ್ಬರಿಗೂ ಕೊಟ್ಟೆ.

ಕುದುರೆಯ ಗಬ್ಬ ಹನ್ನೊಂದು ತಿಂಗಳು. ಅಂಗಡಿಯವರಾದರೆ ಮಾರಾಟ ಬಿದ್ದ ವಾರವೇ ಮಾಲು ತರಿಸುವುದನ್ನು ನಿಲ್ಲಿಸಬಹುದು. ನಮಗೆ ಅದು ಆಗುವುದಿಲ್ಲ. ಏಪ್ರಿಲ್‌ನಲ್ಲಿ ತೆಗೆದುಕೊಂಡ ತೀರ್ಮಾನ ಮುಂದಿನ ಮಾರ್ಚ್‌ನಲ್ಲಿ ನಾಲ್ಕು ಕಾಲ ಮೇಲೆ ಎದ್ದು ನಿಲ್ಲುತ್ತದೆ. ಮರಿ ಹಾಲು ಬಿಡಲು ಇನ್ನೂ ನಾಲ್ಕೈದು ತಿಂಗಳು. ಅಂದರೆ ಗಂಡಿಗೆ ಬಿಟ್ಟ ದಿನದಿಂದ ಮರಿ ಬೇರೆಯವರ ಮನೆಗೆ ಹೋಗುವ ದಿನದವರೆಗೆ ಹೆಚ್ಚೂಕಡಿಮೆ ಒಂದೂಕಾಲು ವರ್ಷ. ಅಷ್ಟರಲ್ಲಿ ಲೋಕ ಎಷ್ಟು ಬೇಕಾದರೂ ಬದಲಾಗಬಹುದು. ಇಷ್ಟಾದ ಮೇಲೂ ಮರಿ ಎಷ್ಟು ಎತ್ತರ ಬೆಳೆಯುತ್ತದೆ ಎಂದು ಖಚಿತವಾಗಿ ಗೊತ್ತಿರುವುದಿಲ್ಲ. 1978ರಲ್ಲಿ ಶುರುವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ ಇಟ್ಟಿರುವ ಮಿತಿ 34 ಇಂಚು. ಜೂಲಿನ ಕೊನೆಯ ಕೂದಲು ಇರುವ ಜಾಗದಿಂದ ನೆಲಕ್ಕೆ ಅಳೆಯುತ್ತಾರೆ. ಬೆಳೆದ ಮೇಲೆ ಅದಕ್ಕಿಂತ ಒಂದಿಂಚು ಜಾಸ್ತಿಯಾದರೆ ಅವರ ನೋಂದಣಿ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಬೆಲೆಯೂ ಹೋಯಿತು.

ಆ ಚಳಿಗಾಲದಲ್ಲಿ ಮಾರಾಟದ ನೋಟ್‌ಬುಕ್ ತೆಗೆದು ಒಂದು ಕೆಲಸ ಮಾಡಿದೆ. ಪ್ರತಿ ಹೆಸರಿನ ಮುಂದೆ, ಕೊಂಡವರು ಯಾಕೆ ಕೊಂಡರು ಎಂದು ಬರೆದೆ. ಮಗುವಿಗೆ ಜೊತೆಯಾಗಲಿ ಎಂದು. ಮುದಿ ಕುದುರೆಗೆ ಸಂಗಾತಿ ಬೇಕು ಎಂದು. ಗಾಡಿ ಓಡಿಸಲು. ಉಳಿದ ಹೆಸರುಗಳು ಒಟ್ಟಿನ ಮೂರರಲ್ಲಿ ಎರಡು ಪಾಲು. ಅವುಗಳ ಮುಂದೆ ಒಂದೇ ಮಾತು ಬಂತು: ತಳಿ ಬೆಳೆಸಲು. ನನ್ನ ಗಿರಾಕಿಗಳಲ್ಲಿ ಹೆಚ್ಚಿನವರು ನನ್ನಂತೆಯೇ ಮರಿ ಮಾರುವವರು. ಅವರು ಇನ್ನೊಬ್ಬ ಮರಿ ಮಾರುವವರಿಗೆ ಮಾರುತ್ತಿದ್ದರು. ಒಬ್ಬರ ಲಾಯದಿಂದ ಇನ್ನೊಬ್ಬರ ಲಾಯಕ್ಕೆ ಕುದುರೆಗಳು ಸುತ್ತುತ್ತಿದ್ದವು, ಬೆಲೆ ಏರುತ್ತಿತ್ತು. ಅಷ್ಟು ವರ್ಷ ನಾನು ಅದನ್ನೇ ಬೇಡಿಕೆ ಅಂದುಕೊಂಡಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಹೊಸ ಕಥೆಯೇನೂ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ಪುಟ್ಟ ಕುದುರೆಗಳ ರಕ್ತದಲ್ಲಿ ಶೆಟ್‌ಲೆಂಡ್ ಪೋನಿಯ ಪಾಲು ದೊಡ್ಡದು. ಆ ಪೋನಿಗೆ ಒಂದು ಕಾಲದಲ್ಲಿ ಕಷ್ಟದ ಕೆಲಸವಿತ್ತು. 1842ರ ಕಾನೂನಿನಿಂದ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ನೆಲದಡಿ ದುಡಿಯುವುದು ನಿಂತಿತು. ಆಮೇಲೆ ಕಲ್ಲಿದ್ದಲಿನ ಬಂಡಿ ಎಳೆಯಲು ಇವುಗಳನ್ನು ಜಾಸ್ತಿ ಇಳಿಸಿದರು. ಪಾಪದ ಬದುಕು. ಆದರೆ ಅವು ಯಾಕೆ ಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಅದೇ ಶೆಟ್‌ಲೆಂಡ್ ಅಮೆರಿಕಕ್ಕೆ ಹೋಗಿ, ಪ್ರದರ್ಶನಕ್ಕೂ ಮಕ್ಕಳ ಸವಾರಿಗೂ ನಿಂತು, 1950ರ ದಶಕದ ಕೊನೆಗೆ ಹುಚ್ಚು ಬೆಲೆಗೆ ಮಾರಾಟವಾಯಿತು. ಎಲ್ಲರೂ ತಳಿ ಬೆಳೆಸಲೆಂದೇ ಕೊಂಡರು. 1960ರ ದಶಕ ಶುರುವಾದ ಹೊತ್ತಿಗೆ ಆ ಬೆಲೆ ಕುಸಿದುಬಿತ್ತು. 1980ರ ದಶಕದಲ್ಲಿ ಅರೇಬಿಯನ್ ಕುದುರೆಗಳಿಗೂ ಹೀಗೇ ಆಯಿತು. ಅದಕ್ಕೆ ದುಡ್ಡು ಹಾಕಿದವರಲ್ಲಿ ತುಂಬಾ ಜನ ತೆರಿಗೆ ಉಳಿಸಲು ಬಂದವರು. ಅಮೆರಿಕದ 1986ರ ತೆರಿಗೆ ಕಾನೂನು ಆ ದಾರಿ ಮುಚ್ಚಿದಾಗ ಅವರು ಎದ್ದು ಹೋದರು. ಕುದುರೆಗಳು ಉಳಿದವು. ಕುದುರೆ ಎಲ್ಲಿಗೆ ಎದ್ದು ಹೋಗುತ್ತದೆ?

ಪುಟ್ಟ ಕುದುರೆ ಸಾಕುವುದು ಅಗ್ಗ ಎನ್ನುತ್ತಾರೆ. ನಾನೂ ಗಿರಾಕಿಗಳಿಗೆ ಹಾಗೇ ಹೇಳುತ್ತಿದ್ದೆ. ಮೇವಿನ ಮಟ್ಟಿಗೆ ಅದು ನಿಜ. ತೊಂಬತ್ತು ಕಿಲೋ ತೂಗುವ ಕುದುರೆಗೆ ದಿನಕ್ಕೆ ಎರಡು ಕಿಲೋದ ಒಳಗೇ ಒಣಹುಲ್ಲು ಸಾಕಾಗುತ್ತದೆ. ದೊಡ್ಡ ಕುದುರೆಗೆ ಎಂಟೋ ಹತ್ತೋ ಕಿಲೋ ಬೇಕು. ಆದರೆ ಗೊರಸು ತರಿಯುವವರು ಗೊರಸಿನ ಅಳತೆ ನೋಡಿ ಕೂಲಿ ಕಡಿಮೆ ಮಾಡುವುದಿಲ್ಲ. ಆರೆಂಟು ವಾರಕ್ಕೊಮ್ಮೆ ಅವರು ಬರಲೇಬೇಕು. ಅರ್ಧರಾತ್ರಿ ಬರುವ ಡಾಕ್ಟರಿಗೂ ಕುದುರೆ ದೊಡ್ಡದಾದರೇನು, ಚಿಕ್ಕದಾದರೇನು? ಹಲ್ಲಿನ ಖರ್ಚು ಇನ್ನೂ ಜಾಸ್ತಿ. ದವಡೆ ಚಿಕ್ಕದಾದಷ್ಟು ಹಲ್ಲು ಚಿಕ್ಕದಾಗುವುದಿಲ್ಲ, ಒತ್ತೊತ್ತಾಗಿ ಸೊಟ್ಟ ಬೆಳೆಯುತ್ತವೆ. ಜೊತೆಗೆ ಇವು ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತವೆ.

ಖರ್ಚು ಹಿಡಿಯಲು ನಾನು ಮೊದಲು ಕೈ ಹಾಕಿದ್ದು ದಾಣಿಗೆ. ಎಂಥ ದೊಡ್ಡ ತಪ್ಪು ಆಗಿಬಿಡುತ್ತಿತ್ತು! ಡಾಕ್ಟರು ಸರಿಯಾದ ಹೊತ್ತಿಗೆ ತಡೆದರು. ಪುಟ್ಟ ಕುದುರೆಗಳಲ್ಲಿ, ಅದರಲ್ಲೂ ಗಬ್ಬದ ಕೊನೆಯಲ್ಲಿ ಮೈ ತುಂಬಿಕೊಂಡಿರುವ ಹೆಣ್ಣುಗಳಲ್ಲಿ, ಮೇವು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೈಯ ಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ. ಲಿವರ್‌ಗೆ ಅದನ್ನು ತಡೆಯಲು ಆಗುವುದಿಲ್ಲ. ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ಎರಡು ದಿನ ಮೇವು ಬಿಟ್ಟ ಕುದುರೆ ಆಮೇಲೆ ತಿನ್ನಬೇಕೆಂದರೂ ತಿನ್ನಲಾರದ ಸ್ಥಿತಿಗೆ ಬರುತ್ತದೆ. ಎಷ್ಟೋ ಸಲ ಉಳಿಯುವುದಿಲ್ಲ. ಮನುಷ್ಯರ ಮನೆಯಲ್ಲಿ ದುಡ್ಡಿಲ್ಲದಾಗ ಒಂದು ಹೊತ್ತು ಕಡಿಮೆ ಉಣ್ಣಬಹುದು. ಈ ಜೀವಗಳ ಮೇಲೆ ಆ ಉಪಾಯ ನಡೆಯುವುದಿಲ್ಲ. ಹಾಗಾಗಿ ಬೇರೆ ಕಡೆ ಖರ್ಚು ಕಡಿಮೆ ಮಾಡಿದೆ. ಪ್ರದರ್ಶನಗಳಿಗೆ ಹೋಗುವುದನ್ನು ಬಿಟ್ಟೆ. ಟ್ರೈಲರ್ ಮಾರಿದೆ. ಗೊರಸು ತರಿಯುವುದನ್ನು ಕಲಿತೆ. ಕಲಿಸಿದವರು ನಮ್ಮ ಗೊರಸಿನವರೇ. ಅವರಿಗೆ ಗಿರಾಕಿ ಕಡಿಮೆಯಾಗುತ್ತದೆ ಎಂದು ಗೊತ್ತಿದ್ದೂ ಹೇಳಿಕೊಟ್ಟರು. ಆ ಋಣ ನನ್ನ ಮೇಲೆ ಇನ್ನೂ ಇದೆ.

ಮಾರ್ಚ್ ಬಂತು. ಕೆಚ್ಚಲು ತುಂಬಿತು, ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಪುಟ್ಟ ಕುದುರೆಗಳು ಈಯುವಾಗ ಮನೆಯಲ್ಲಿ ಯಾರೂ ಮಲಗುವ ಹಾಗಿಲ್ಲ. ಮರಿಯ ತಲೆ ದೊಡ್ಡದು, ತಾಯಿಯ ದಾರಿ ಚಿಕ್ಕದು. ನೀರು ಒಡೆದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷದಲ್ಲಿ ಮರಿ ಹೊರಗೆ ಬರಬೇಕು. ಕಾಲು ಮಡಚಿಕೊಂಡಿದ್ದರೆ, ತಲೆ ಹಿಂದಕ್ಕೆ ತಿರುಗಿದ್ದರೆ, ಅಷ್ಟರಲ್ಲೇ ಸರಿ ಮಾಡಬೇಕು. ಬಂದ ಮರಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ನಾನು ಕುದುರೆಗಳ ಪಕ್ಕದಲ್ಲೇ ಮಂಚ ಹಾಕಿಕೊಂಡು ಆರು ವಾರ ಮಲಗಿದೆ.

ಆರು ಮರಿಗಳು ಸುಖವಾಗಿ ಬಂದವು. ಏಳನೆಯದು ಬರಲಿಲ್ಲ. ಡಾಕ್ಟರು ಬಂದು ತೋಳು ಹಾಕಿ ತೆಗೆದಾಗ ತಾಯಿ ಉಳಿಯಿತು. ಮರಿಯ ಹಣೆ ಉಬ್ಬಿತ್ತು, ಕೆಳದವಡೆ ಮುಂದೆ ಚಾಚಿತ್ತು, ಕಾಲುಗಳು ಮೈಗೆ ತೀರಾ ಗಿಡ್ಡ. ಕುಬ್ಜ ಮರಿ. ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಬೆಳಗಾಗುವವರೆಗೆ ಕೂತಿದ್ದೆ.

ಅದರ ತಂದೆ ಕರಿಯ. 29 ಇಂಚಿನ ಕುದುರೆ. ಒಳ್ಳೆಯ ಕಾಲದಲ್ಲಿ, ಬೇರೆ ಯಾವ ಕುದುರೆಗೂ ಕೊಡದಷ್ಟು ದುಡ್ಡು ಕೊಟ್ಟು ತಂದಿದ್ದೆ. ಯಾಕೆಂದರೆ ಆಗ ಎಲ್ಲರಿಗೂ ಇನ್ನೂ ಚಿಕ್ಕದು ಬೇಕಿತ್ತು. 34 ಇದ್ದರೆ 32, 32 ಇದ್ದರೆ 30. ಇಂಚು ಇಳಿದಂತೆ ಬೆಲೆ ಏರುತ್ತಿತ್ತು. ಆ ಆಸೆಯಲ್ಲಿ ಚಿಕ್ಕದಕ್ಕೆ ಚಿಕ್ಕದನ್ನೇ ಕೂಡಿಸುತ್ತಾ ಹೋದ ನಮ್ಮ ಲಾಯಗಳಿಗೆ ಕುಬ್ಜತನವೂ ಬಂದು ಸೇರಿತು. ಅಗ್ರೆಕ್ಯಾನ್ ಎಂಬ ಜೀನ್‌ನಲ್ಲಿ ನಾಲ್ಕು ಬಗೆಯ ದೋಷಗಳಿವೆ ಎಂದು ಕೆಂಟಕಿ ವಿಶ್ವವಿದ್ಯಾಲಯದವರು ಆಮೇಲೆ ಕಂಡುಹಿಡಿದರು. ಒಂದೇ ದೋಷ ಇರುವ ಕುದುರೆ ನೋಡಲು ಚೆನ್ನಾಗಿಯೇ ಇರುತ್ತದೆ. ಅಂಥ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಎರಡೂ ಕಡೆಯ ದೋಷ ಹೊತ್ತು ಬರಬಹುದು. ಪರೀಕ್ಷೆ ಬಂದ ಮೇಲೆ ಕರಿಯನ ಕೂದಲು ಬೇರುಸಮೇತ ಕಿತ್ತು ಕಳಿಸಿದೆ. ಅವನಲ್ಲಿ ಒಂದು ದೋಷ ಇತ್ತು. ನಾನು ಆ ಉತ್ತರಕ್ಕೆ ಕಾದಿರಲಿಲ್ಲ. 2009ರ ಬೇಸಿಗೆಯಲ್ಲೇ ಅವನ ಬೀಜ ತೆಗೆಸಿದ್ದೆ. ಪರಿಚಯದವರೆಲ್ಲ ದುಡ್ಡು ನೀರಿಗೆ ಹಾಕಿದೆ ಎಂದರು.

ಆರು ಮರಿಗಳನ್ನು ಇಟ್ಟುಕೊಂಡು, ಇನ್ನು ಯಾರನ್ನಾದರೂ ಕಳಿಸಲೇಬೇಕು ಎಂಬ ಸ್ಥಿತಿ ಬಂತು. ಬೆಲೆ ಅರ್ಧ ಮಾಡಿದೆ. ಫೋನ್ ಬರಲಿಲ್ಲ. ಮತ್ತೂ ಅರ್ಧ ಮಾಡಿದೆ. ಆಗ ಫೋನ್ ಬರತೊಡಗಿತು. ಆ ದನಿಗಳೇ ಬೇರೆ. ಮೊದಲಿನವರು ಹಲ್ಲು, ಕಾಲು, ವಂಶ ಕೇಳುತ್ತಿದ್ದರು. ಇವರು "ಇನ್ನೂ ಎಷ್ಟು ಕಡಿಮೆ ಮಾಡ್ತೀರಾ?" ಎನ್ನುತ್ತಿದ್ದರು. ಎಲ್ಲರೂ ಹಾಗಿರಲಿಲ್ಲ, ನಿಜ. ಆದರೆ ಕುದುರೆಯ ಬೆಲೆ ಇಳಿದರೂ ಅದನ್ನು ಸಾಕುವ ಖರ್ಚು ಇಳಿದಿರಲಿಲ್ಲ. ನಾನು ಬೆಲೆ ಇಳಿಸಿ ಕರೆದದ್ದು, ಸಾಕುವ ಶಕ್ತಿ ಇಲ್ಲದೇ ಇರಬಹುದಾದವರನ್ನು. ಅದು ಆಗ ನನಗೆ ಹೊಳೆಯಲಿಲ್ಲ.

ಗೆಜ್ಜೆ ಎಂಬ ಹೆಣ್ಣು ಕುದುರೆ ನನ್ನ ಲಾಯದಲ್ಲೇ ಹುಟ್ಟಿದ್ದು. ಎಂಟು ವರ್ಷ. ಸಾಧು. ಬಾಗಿಲ ಚಿಲಕ ಸದ್ದಾದರೆ ಸಾಕು, ಕೂಗುತ್ತಿದ್ದಳು. ಅವಳನ್ನು ಕೊಂಡವರು ಫೋನಿನಲ್ಲಿ ಚೆನ್ನಾಗಿ ಮಾತಾಡಿದರು. ಮನೆಯಲ್ಲಿ ಮಕ್ಕಳಿದ್ದಾರೆ, ಹುಲ್ಲಿನ ಬಯಲಿದೆ ಎಂದರು. ನಾನು ಹೋಗಿ ನೋಡಲಿಲ್ಲ. ಹೋಗಿ ಬರುವ ಖರ್ಚು ಉಳಿಸಿದೆ. ಎರಡು ವರ್ಷದ ಮೇಲೆ, 2011ರಲ್ಲಿ, ಹರಾಜಿಗೆ ಬಂದ ಕುದುರೆಗಳ ಫೋಟೋ ನೋಡುತ್ತಿದ್ದ ಪರಿಚಯದವರೊಬ್ಬರು ಫೋನ್ ಮಾಡಿ, "ಇದು ನಿಮ್ಮ ಗೆಜ್ಜೆ ಅಲ್ವಾ?" ಎಂದರು.

ಹೋಗಿ ತಂದೆ. ಗೊರಸುಗಳು ಮುಂದಕ್ಕೆ ಬೆಳೆದು ಮೇಲಕ್ಕೆ ಬಾಗಿದ್ದವು. ಸೊಂಪಾದ ಹುಲ್ಲಿನ ಬಯಲಲ್ಲಿ ಹಗಲೂರಾತ್ರಿ ಬಿಟ್ಟಿದ್ದರಿಂದ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಗೆ ಉರಿಯೂತ ಬಂದು ನೋಯುವ ರೋಗ, ಆಗಿತ್ತು. ಹಸಿವಿನಿಂದ ಬಳಲಿದ ಕುದುರೆಯಲ್ಲ ಅದು, ಕುತ್ತಿಗೆಯಲ್ಲಿ ಕೊಬ್ಬು ಗಟ್ಟಿಯಾಗಿತ್ತು. ಅವರು ಪ್ರೀತಿಯಿಂದಲೇ ಸಾಕಿದ್ದರೋ ಏನೋ. ಗೊರಸಿನವರನ್ನು ಕರೆಸಲು ಮಾತ್ರ ಅವರಿಗೆ ಆಗಿರಲಿಲ್ಲ. ಅವರ ಮೇಲೆ ನನಗೆ ಆಗ ತುಂಬಾ ಸಿಟ್ಟಿತ್ತು. ಈಗ ಇಲ್ಲ. ಅವರ ಮನೆ ನೋಡದೆ ಕುದುರೆ ಕಳಿಸಿದ್ದು ನಾನು.

ಗೆಜ್ಜೆಗೆ ನಾನು ಸಿಕ್ಕಿದೆ. ಎಷ್ಟೋ ಕುದುರೆಗಳಿಗೆ ಯಾರೂ ಸಿಗಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ ಸರ್ಕಾರಿ ಲೆಕ್ಕ ತನಿಖೆ ಕಚೇರಿ, ಗವರ್ನಮೆಂಟ್ ಅಕೌಂಟಬಿಲಿಟಿ ಆಫೀಸ್, ಕುದುರೆಗಳ ಪಾಡಿನ ಬಗ್ಗೆ ಒಂದು ವರದಿ ಕೊಟ್ಟಿತು. ಎಲ್ಲ ಬಗೆಯ ಕುದುರೆಗಳನ್ನೂ ಸೇರಿಸಿದ ವರದಿ ಅದು. ಅಲ್ಲಿನ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದ್ದವು. 2006ರಿಂದ 2010ರೊಳಗೆ, ಕಡಿಯಲೆಂದು ಕೆನಡಾಕ್ಕೆ ಹೋದ ಕುದುರೆಗಳ ಸಂಖ್ಯೆ 148 ಶೇಕಡಾ ಏರಿತು, ಮೆಕ್ಸಿಕೋಗೆ ಹೋದವು 660 ಶೇಕಡಾ. ಕೊಲೊರಾಡೊ ರಾಜ್ಯ ಒಂದರಲ್ಲೇ, ಕುದುರೆಗಳನ್ನು ಕಡೆಗಣಿಸಿದ, ಬಿಟ್ಟುಹೋದ ದೂರುಗಳ ತನಿಖೆ 2005ರಲ್ಲಿ 975 ಇದ್ದದ್ದು 2009ಕ್ಕೆ 1,588 ಆಯಿತು. ಆರ್ಥಿಕ ಕುಸಿತದಿಂದ ಎಲ್ಲ ಕುದುರೆಗಳ ಬೆಲೆ 4ರಿಂದ 5 ಶೇಕಡಾ ಇಳಿಯಿತು ಎಂದು ಆ ವರದಿ ಅಂದಾಜು ಮಾಡಿತ್ತು. ಕಸಾಯಿಖಾನೆ ಮುಚ್ಚಿದ್ದರಿಂದ, ಕೆಳಗಿನ ಮತ್ತು ಮಧ್ಯದ ಬೆಲೆಯ ಕುದುರೆಗಳಿಗೆ ಬಿದ್ದ ಹೊಡೆತ 8ರಿಂದ 21 ಶೇಕಡಾ. ನನ್ನ ನೋಟ್‌ಬುಕ್ಕಿನಲ್ಲಿ ಕಂಡ ಇಳಿತ ಇದೆಲ್ಲಕ್ಕಿಂತ ಎಷ್ಟೋ ಜಾಸ್ತಿ. ಯಾರಿಗೂ ಕೆಲಸಕ್ಕೆ ಬೇಕಿಲ್ಲದ, ಆಸೆಗಾಗಿ ಮಾತ್ರ ಕೊಳ್ಳುವ ಕುದುರೆಗೆ ಹಾಗಾಗುವುದು ಸಹಜ ಅಂತ ನನ್ನ ಎಣಿಕೆ.

2009ರ ಏಪ್ರಿಲ್‌ನಲ್ಲಿ, ಮರಿಗಳು ಇನ್ನೂ ಹುಟ್ಟುತ್ತಿದ್ದಾಗ, ಪುಟ್ಟ ಕುದುರೆಗಳಲ್ಲಿ ಮೂವತ್ತು ವರ್ಷ ಕಳೆದ ಹಿರಿಯರೊಬ್ಬರು ಬಂದಿದ್ದರು. ಲಾಯವೆಲ್ಲ ನೋಡಿ, ಹೊರಡುವಾಗ, "ಈ ವರ್ಷ ಗಂಡನ್ನ ಬಿಡಬೇಡಮ್ಮ" ಎಂದರು. ಅಷ್ಟೇ. ಈದ ಕುದುರೆ ಹತ್ತು ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ. ಆಗಲೇ ಗಂಡಿಗೆ ಬಿಡುವುದು ನಮ್ಮಲ್ಲಿ ಅಭ್ಯಾಸ. ಬಿಡದಿದ್ದರೆ ಒಂದು ವರ್ಷ ದಂಡವಾಯಿತು ಎಂಬ ಭಾವನೆ. ಕರಿಯ ಬೇಲಿಯ ಆಚೆ ನಿಂತು ಕೂಗುತ್ತಿದ್ದ. ಹೆಣ್ಣುಗಳು ಬೇಲಿಗೆ ಬಂದು ನಿಲ್ಲುತ್ತಿದ್ದವು. ಮಧ್ಯೆ ಇನ್ನೊಂದು ಬೇಲಿ ಹಾಕಿಸಿದೆ. ಮೂರು ವರ್ಷ ನನ್ನ ಲಾಯದಲ್ಲಿ ಒಂದು ಮರಿಯೂ ಹುಟ್ಟಲಿಲ್ಲ. ವಸಂತದಲ್ಲಿ ಮರಿಯಿಲ್ಲದ ಲಾಯ ಎಷ್ಟು ಸಪ್ಪೆ ಎಂದು ಅದನ್ನು ಕಂಡವರಿಗೇ ಗೊತ್ತು. ಆದರೂ ನಾನು ಮಾಡಿದ ಕೆಲಸಗಳಲ್ಲಿ ಅದರಷ್ಟು ಸರಿಯಾದದ್ದು ಇನ್ನೊಂದಿಲ್ಲ ಎಂದು ಈಗಲೂ ನಂಬಿದ್ದೇನೆ.

ಮರಿಯಿಲ್ಲದ ವರ್ಷಗಳಲ್ಲಿ ಕೈಯಲ್ಲಿ ಸಮಯವಿತ್ತು. ಇದ್ದ ಗಂಡುಮರಿಗಳ ಬೀಜ ತೆಗೆಸಿದೆ. ಪ್ರತಿಯೊಂದಕ್ಕೂ ಕೆಲಸ ಕಲಿಸಿದೆ. ಕಾಲು ಎತ್ತಿ ಕೊಡುವುದು, ಮಕ್ಕಳ ಗಲಾಟೆಯಲ್ಲಿ ಅಲುಗಾಡದೆ ನಿಲ್ಲುವುದು, ಆಮೇಲೆ ಗಾಡಿ. ಬಲಿಯದ ಮೂಳೆಯ ಮರಿಯನ್ನು ಗಾಡಿಗೆ ಹೂಡಬಾರದು. ಹಾಗಾಗಿ ಮೊದಲು ಬರಿಯ ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತಾ ಕಲಿಸಬೇಕು. ಮೈಲಿಗಟ್ಟಲೆ ನಡೆದಿದ್ದೇನೆ. ಕರಿಯನೂ ಕಲಿತ. ಬೀಜ ಹೋದ ಮೇಲೆ ಅವನ ಚಡಪಡಿಕೆ ನಿಧಾನವಾಗಿ ಇಳಿಯಿತು. ಗಾಡಿಗೆ ಕಟ್ಟಿದರೆ ಕಿವಿ ಮುಂದೆ ಮಾಡಿಕೊಂಡು ಓಡುತ್ತಿದ್ದ.

ವಿಚಿತ್ರ ನೋಡಿ, ಗಂಡುಮರಿಗಳು ಬೀಜವಿದ್ದಾಗ ಯಾರಿಗೂ ಬೇಡವಾಗಿದ್ದವು. ಕೆಲಸ ಕಲಿತು ನಿಂತ ಮೇಲೆ, ಕಾಲ ಇನ್ನೂ ಕೆಟ್ಟದಾಗಿದ್ದಾಗಲೇ, ಒಂದೊಂದಾಗಿ ಕೇಳುವವರು ಬಂದರು. ವಯಸ್ಸಾಗಿ ಸವಾರಿ ಬಿಟ್ಟವರು ಗಾಡಿಗೆಂದು ಕೇಳಿದರು. ಒಂದು ಆಸ್ಪತ್ರೆಯ ಮಕ್ಕಳನ್ನು ನೋಡಲು ಹೋಗುವ ಗುಂಪಿನವರು ಒಂದನ್ನು ಒಯ್ದರು. ಅಮೆರಿಕದಲ್ಲಿ 2011ರ ಮಾರ್ಚ್‌ನಿಂದ ಅಂಗವಿಕಲರ ಕಾನೂನಿನ ನಿಯಮಗಳಲ್ಲಿ, ತರಬೇತಾದ ಪುಟ್ಟ ಕುದುರೆಗೂ ಅವರಿಗೆ ನೆರವಾಗುವ ನಾಯಿಯ ಪಕ್ಕದಲ್ಲಿ ಜಾಗ ಸಿಕ್ಕಿದೆ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಕುದುರೆ ನಾಯಿಗಿಂತ ಎಷ್ಟೋ ವರ್ಷ ಜಾಸ್ತಿ ದುಡಿಯುತ್ತದೆ. ಅಂಥ ಕುದುರೆಗಳು ಬೆರಳೆಣಿಕೆಯವು. ಆದರೂ ಆ ಸುದ್ದಿ ಓದಿದ ದಿನ ನನಗೆ ತುಂಬಾ ಸಂತೋಷವಾಗಿತ್ತು.

ಈಗ ನಾನು ವರ್ಷಕ್ಕೆ ಎರಡು ಮರಿ. ಎರಡಕ್ಕೂ ಮನೆ ಗೊತ್ತಾದ ಮೇಲೇ ಗಂಡಿಗೆ ಬಿಡುವುದು. ಮನೆ ನೋಡದೆ ಕಳಿಸುವುದಿಲ್ಲ. ಸಾಕಲು ಆಗದಿದ್ದರೆ ನನಗೇ ವಾಪಸ್ ಕೊಡಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ. ಅದಕ್ಕೆ ಎರಡು ಕೋಣೆ ಯಾವಾಗಲೂ ಖಾಲಿ. 2008ರಲ್ಲಿ ಮರಿಗಳಿಗೆಂದು ಕಟ್ಟಿಸಿದ್ದೆನಲ್ಲ, ಅವೇ ಕೋಣೆಗಳು.

ಹುಡುಗಿ ಭಾನುವಾರ ಬಂದಳು. ಇದನ್ನೆಲ್ಲ ಹೇಳಿದೆ. ಕೊಳ್ಳಬೇಡ ಎಂದು ಹೇಳಲಿಲ್ಲ. ಆ ಹತ್ತು ಹೆಣ್ಣುಗಳಿಗೂ ಯಾರಾದರೂ ಬೇಕಲ್ಲ. ಅವುಗಳಲ್ಲಿ ಎಷ್ಟು ಗಬ್ಬದಲ್ಲಿವೆ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಬೀಜದ ಕುದುರೆ ಅವುಗಳ ಜೊತೆಗೇ ಬಯಲಲ್ಲಿದೆಯಾ ಎಂದೆ. ಹೌದು ಎಂದಳು. ಸ್ವಲ್ಪ ಹೊತ್ತು ಸುಮ್ನೆ ಕೂತಳು. ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದಳು.

ಆಮೇಲೆ ಲಾಯಕ್ಕೆ ಹೋದೆವು. ಚಿಲಕ ಸದ್ದಾಯಿತು. ಗೆಜ್ಜೆ ಕೂಗಿದಳು. ಈಗ ಮುದುಕಿ, ಕಣ್ಣ ಮೇಲೆ ಗುಳಿ ಬಿದ್ದಿದೆ. ಅವಳ ಮುಂಗಾಲು ಎತ್ತಿ ತೋರಿಸಿದೆ. ಹೊಸ ಗೊರಸು ಮೇಲಿನಿಂದ ಬೆಳೆದು ನೆಲ ಮುಟ್ಟಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಹರಾಜಿನಿಂದ ತಂದಾಗ ಇದ್ದ ಗೊರಸು ಪೂರಾ ಸವೆದು ಹೋಗಿ ಸರಿಯಾದದ್ದು ಇಳಿಯಲು ನನಗೂ ಅಷ್ಟೇ ಕಾಲ ಹಿಡಿದಿತ್ತು. ಎರಡು ವಾರಕ್ಕೊಮ್ಮೆ ಚೂರು ಚೂರೇ ತರಿದು ತರಿದು.

ಅವತ್ತು ಅವಳ ಗೊರಸು ಉಜ್ಜುವ ದಿನವೇ ಆಗಿತ್ತು. ಅರ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಹೆದರಿಕೊಂಡೇ ಹಿಡಿದಳು. "ನೋವಾಗಲ್ವಾ ಆಂಟಿ?" ಎಂದಳು. ಹಿಮ್ಮಡಿಯಿಂದ ಮುಂದಕ್ಕೆ, ಒಂದೇ ಕಡೆಗೆ, ಭಾರ ಹಾಕದೆ ಎಂದೆ. ಗೆಜ್ಜೆ ಮೂರು ಕಾಲ ಮೇಲೆ ನಿಂತು ತೂಕಡಿಸತೊಡಗಿದಳು.